ಒಂದು ಸೆಕೆಂಡಿಗೆ ಒಂದು ಚುಕ್ಕೆ

ಆ ಭಾನುವಾರ ತಂಗಿ ಹೊಸ್ತಿಲ ಮೇಲೆ ಕೂತು ಮೆಂತ್ಯದ ಪಲ್ಯದ ಸೊಪ್ಪು ಸೋಸುತ್ತಿದ್ದಳು. ನಾನು ಒಳಗೆ ಮಗ್ಗದ ಮುಂದೆ ನಿಂತಿದ್ದೆ. ಬೆಳಗಾವಿಯ ವಡಗಾವಿಯಲ್ಲಿ, ನಮ್ಮ ಓಣಿಯಲ್ಲಿ ಭಾನುವಾರವೆಂದು ಮಗ್ಗ ನಿಲ್ಲುವುದಿಲ್ಲ, ಕರೆಂಟು ಹೋದರೆ ನಿಲ್ಲುತ್ತದೆ. ನಮ್ಮ ಮನೆಯ ಎರಡು ಪವರ್‌ಲೂಮು, ಬಾಜೂ ಮನೆಯ ನಾಲ್ಕು, ಎದುರು ಮನೆಯ ಎರಡು ಸೇರಿ ಬೆಳಗಿನಿಂದ ಒಂದೇ ಸದ್ದು. ಹೊರಗಿನವರು ಬಂದರೆ ಕಿವಿಯ ಹತ್ತಿರ ಬಾಯಿ ತಂದು ಕೂಗಿ ಮಾತಾಡುತ್ತಾರೆ. ನಾವಿಬ್ಬರೂ ಹುಟ್ಟಿದ್ದೇ ಅದರೊಳಗೆ. ಅದು ನಿಂತಾಗ ಮಾತ್ರ, ಇಷ್ಟು ಹೊತ್ತು ಏನೋ ಇತ್ತು ಎಂದು ನಮಗೆ ತಿಳಿಯುವುದು.

ಹನ್ನೊಂದರ ಸುಮಾರಿಗೆ ಕರೆಂಟು ಹೋಯಿತು. ಮೂರು ಮನೆ ಆಚೆ ಯಾರೋ ತಂಬಿಗೆ ಕೆಳಗಿಟ್ಟದ್ದು ಕೇಳಿಸಿತು.

"ಅಕ್ಕಾ, ಹೊರಗ ಬಾ," ಎಂದಳು ತಂಗಿ. "ಕರೆಂಟ ಬರೂ ಮಟಾ ಲೆಕ್ಕ ಸುರು ಮಾಡೂಣು."

ಪಲ್ಯದ ಬುಟ್ಟಿ ಸರಿಸಿ, ಕೈ ಒರೆಸಿಕೊಂಡು, ಟ್ರಂಕಿನಿಂದ ಮೊದಲನೇ ವಹಿ ತಂದಳು. ಅಂಥ ವಹಿ ಹನ್ನೆರಡಿದ್ದವು, ಒಂದೊಂದು ಇನ್ನೂರು ಪುಟದ್ದು. ತಂಗಿ ಖಾನಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು, ಜೊತೆಗೆ ಪಿಎಚ್.ಡಿ. ಮಾಡುತ್ತಿದ್ದಳು. ಖಾನಾಪುರದ ಸುತ್ತಿನ ಹಳ್ಳಿ ಶಾಲೆಗಳಿಗೆ ಹೋಗಿ, ಏಳನೆಯ ತರಗತಿಯ ಮಕ್ಕಳಿಗೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಪ್ರಶ್ನೆ ಕೇಳಿ, ಅದನ್ನೆಲ್ಲ ಅದಕ್ಕೆಂದೇ ಇಟ್ಟ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದಳು. ಕೇಳಿ ವಹಿಯಲ್ಲಿ ಬರೆಯುವ ಕೆಲಸ ನನ್ನದು. ಮಕ್ಕಳು ಆಡಿದ ಮಾತನ್ನು ಬರೆಯಬೇಕು. ಪ್ರಶ್ನೆ ಕೇಳಿದ ಮೇಲೆ ಮಗು ಸುಮ್ಮನಿದ್ದರೆ ಆ ಜಾಗದಲ್ಲಿ ಚುಕ್ಕೆ ಇಡಬೇಕು. ಒಂದು ಸೆಕೆಂಡಿಗೆ ಒಂದು ಚುಕ್ಕೆ.

"ಏನ್ ಲೆಕ್ಕ?" ಎಂದೆ.

"ಚುಕ್ಕಿ ಲೆಕ್ಕ."

"ಮಾತ ಬಿಟ್ಟು ಚುಕ್ಕಿ ಎಣಸ್ತಿಯೇನ? ಅದಕ್ಕ ಇಷ್ಟ ವರ್ಷ ಓದಿದಿ?"

ಅವಳು ನಕ್ಕಳು. "ಮಾತು ಬರಕೊಂಡ ಮಂದಿ ಭಾಳ ಅದಾರ ಅಕ್ಕಾ. ನನಗ ಬೇಕಾಗಿದ್ದು ಆ ಹುಡುಗ್ರು ಸುಮ್ಮನ ಇದ್ದ ಹೊತ್ತು. ಮನ್ಯಾಗ ಮರಾಠಿ, ಸಂತ್ಯಾಗ ಕನ್ನಡ, ಈಗ ಎದುರಿಗೆ ಇಂಗ್ಲಿಷು. ಒಂದು ಪ್ರಶ್ನೆ ಕೇಳಿದ್ರ ಪಾಪ ಆ ಹುಡುಗಿ ಮೂರು ಮನಿ ಹೊಸ್ತಲಾ ದಾಟಿ ಬರಬೇಕು. ಬರೂತನಕ ತಡಿಯಾಕ ಯಾರಿಗೂ ಪುರಸೊತ್ತಿಲ್ಲ. ‘ಕೂಡು, ನಿನಗ ಬರೂದಿಲ್ಲ’ ಅಂದಬಿಡ್ತಾರ. ಬರ್ತೈತಿ ಅಕ್ಕಾ. ಎಷ್ಟು ತಡದ್ರ ಬರ್ತೈತಿ ಅಂತ ನಾ ತೋರಸ್ಬೇಕು. ಅದೆಲ್ಲಾ ನೀ ಇಟ್ಟ ಚುಕ್ಕ್ಯಾಗ ಐತಿ."

ಅಷ್ಟರಲ್ಲಿ ಬಾಜೂ ಮನೆಯ ಕಾಕು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬಂದು ನಿಂತಳು. "ಏನ್ರವಾ ಅಕ್ಕಾ ತಂಗಿ, ಕರೆಂಟ ಹೋದ್ರ ಮಂದಿ ಮಲಗ್ತಾರ, ನೀವು ಅಭ್ಯಾಸಕ್ಕ ಕುಂತೀರಲ್ಲ?"

"ಅಕ್ಕಗ ಪರೀಕ್ಷಾ ಐತಿ ಕಾಕು," ಎಂದಳು ತಂಗಿ.

"ಯಾವುದ?"

"ಹತ್ತನೆತ್ತಾ ಇಂಗ್ಲಿಷು. ಇಪ್ಪತ್ತೈದು ವರ್ಷದ್ದು ಹಂಗ ಉಳದೈತಿ."

ಕಾಕು ನಕ್ಕಳು. ನಾನೂ ನಕ್ಕೆ. ಆದರೆ ಹನ್ನೆರಡು ವಹಿಗಳಲ್ಲಿ ಹನ್ನೊಂದರ ಚುಕ್ಕೆಗಳು ಸೆಕೆಂಡುಗಳಲ್ಲ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ತಂಗಿ ಪೆನ್ಸಿಲಿನ ತುದಿಯಿಂದ ಒಂದೊಂದೇ ಚುಕ್ಕೆ ಮುಟ್ಟುತ್ತ ಎಣಿಸಿದಳು. ಮೊದಲನೇ ವಹಿಯ ಆರು ಪುಟ ಆಯಿತು. ಏಳನೆಯದಕ್ಕೆ ಬಂದಾಗ ಕರೆಂಟು ಬಂತು. ಎದುರು ಮನೆಯ ಮಗ್ಗ ಮೊದಲು ಎದ್ದಿತು, ಆಮೇಲೆ ಕಾಕುವಿನ ಮನೆಯವು. ತಂಗಿಯ ತುಟಿ ಆಡುವುದು ಕಾಣಿಸಿತು, ಮಾತು ಕೇಳಲಿಲ್ಲ. ಕೈ ಬೀಸಿ ತೋರಿಸಿದಳು: ಉಳಿದದ್ದು ನಾಳೆ.

ನಾಳೆ ಹೇಳಿದರಾಯಿತು ಎಂದುಕೊಂಡು ನಾನು ಒಳಗೆ ಹೋಗಿ ಮಗ್ಗ ಚಾಲೂ ಮಾಡಿದೆ. ಮಧ್ಯಾಹ್ನ ಮೆಂತ್ಯದ ಪಲ್ಯ, ರೊಟ್ಟಿ ಉಂಡೆವು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು. ಅವಳು ಏನೂ ಅನ್ನದೆ ಮೇಲೆ ಹಾಕಿಕೊಂಡಳು.

ಮರುದಿನ ಬೆಳಗ್ಗೆ ಅವಳ ಮೈ ಕಾದಿತ್ತು.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವ್ವ ತೀರಿಕೊಂಡಾಗ ಅವಳಿನ್ನೂ ನೂಲಿನ ಕಂಡಿಕೆಯ ಬುಟ್ಟಿಯಲ್ಲಿ ಹಿಡಿಸುವಷ್ಟಿದ್ದಳು. ಒಂದು ಕೈಯಿಂದ ನೂಲು ಸುತ್ತುತ್ತ, ಕಾಲಿನಿಂದ ಅವಳ ಬುಟ್ಟಿ ತೂಗುತ್ತ ಬೆಳೆಸಿದೆ. ಲಗ್ನವಾಗಿ ಹೋದೆ, ಗಂಡ ತೀರಿದ ಮೇಲೆ ತಿರುಗಿ ಬಂದೆ. ಅಪ್ಪನೂ ಹೋದ ಮೇಲೆ ಎರಡು ಮಗ್ಗ, ನಾವಿಬ್ಬರು. ಅವಳು ಓದುತ್ತಲೇ ಹೋದಳು. ಮಗ್ಗದ ಸದ್ದಿನಲ್ಲಿ ಓದು ಹೇಗೆ ತಲೆಗೆ ಹತ್ತುತ್ತದೆ ಎಂದು ಮಂದಿ ಕೇಳುತ್ತಿದ್ದರು. ಹತ್ತುತ್ತಿತ್ತು. ಎಲ್ಲ ಸದ್ದಿನ ಕೆಳಗೆ ಅವಳಿಗೆ ಒಂದು ಜಾಗವಿತ್ತು, ಅಲ್ಲಿ ಹೋಗಿ ಕೂತುಬಿಡುತ್ತಿದ್ದಳು. ಕರೆದರೆ ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತುತ್ತಿದ್ದಳು, ನೀರಿನಿಂದ ಮೇಲೆ ಬಂದವಳಂತೆ.

ನನ್ನ ಓದು ಹತ್ತನೆಯದಕ್ಕೇ ನಿಂತಿತು, ಇಂಗ್ಲಿಷಿನಲ್ಲಿ. ಒಂದು ಸಂಗತಿ ಮಾತ್ರ ನೆನಪಿದೆ. ತರಗತಿಯಲ್ಲಿ ಗುರುಗಳು ಇಂಗ್ಲಿಷಿನಲ್ಲಿ ನಿನ್ನ ಅಪ್ಪ ಏನು ಮಾಡುತ್ತಾನೆ ಎಂದು ಕೇಳಿದರು. ಎದ್ದು ನಿಂತೆ. ಉತ್ತರ ಎಲ್ಲೋ ಹತ್ತಿರದಲ್ಲಿತ್ತು. ಅವರು ಬಾಜೂ ಹುಡುಗಿಯ ಕಡೆ ಬೆರಳು ತೋರಿಸಿದರು, ನಾನು ಕೂತೆ. ಮನೆಗೆ ಬರುವಾಗ ನಮ್ಮ ಓಣಿಯ ನಲ್ಲಿಯ ಹತ್ತಿರ ಉತ್ತರ ಬಂತು. ಕೊಡ ಹಿಡಿದ ಹೆಂಗಸರು ಪಾಳಿಯಲ್ಲಿ ನಿಂತಿದ್ದರು. ನಾನು ಗೋಡೆಯ ಕಡೆ ತಿರುಗಿ ಒಂದು ಸಲ ಹೇಳಿದೆ, ಮೈ ಫಾದರ್ ಈಜ್ ಎ ವೀವರ್. ಇದನ್ನು ತಂಗಿ ಚಿಕ್ಕವಳಿದ್ದಾಗ ಕತೆಯಂತೆ ಹೇಳುತ್ತಿದ್ದೆ, ಅವಳು ಬಿದ್ದು ಬಿದ್ದು ನಗುತ್ತಿದ್ದಳು. ದೊಡ್ಡವಳಾದ ಮೇಲೆ ಒಮ್ಮೆ ಹೇಳಿದಾಗ ನಗಲಿಲ್ಲ.

ವಹಿ ಬರೆಯುವ ಕೆಲಸಕ್ಕೆ ನನ್ನನ್ನು ಹಚ್ಚಿದಾಗ ನಾನು ಬೇಡ ಅಂದೆ. "ನನಗ ಇಂಗ್ಲಿಷು ಎಲ್ಲಿ ಬರ್ತೈತಿ?"

"ಬರದ ಇರೂದ ಚೊಲೋ," ಎಂದಳು. "ಬರೂವರು ತಮಗ ಗೊತ್ತಿಲ್ದಂಗ ತಿದ್ದತಾರ. ನೀ ಕೇಳಿದ್ದು ಕೇಳಿದಂಗ ಕನ್ನಡ ಅಕ್ಷರದಾಗ ಬರಿ. ತಪ್ಪು ಮಾತಾಡಿದ್ರ ತಪ್ಪು ಬರಿ. ಕೆಮ್ಮಿದ್ರ ‘ಕೆಮ್ಮಿದಳು’ ಅಂತ ಬರಿ. ನಿನ್ನ ಅಕ್ಷರಾ ನನಗ ಬೇಕು, ನಿನ್ನ ಬುದ್ಧಿ ಬ್ಯಾಡ."

"ಬುದ್ಧಿ ಇದ್ದಿದ್ರ ನಿನ್ನ ಕೈಯಾಗ ಸಿಗತಿದ್ನೇನ?"

ಮೊದಲನೇ ವಹಿಯನ್ನು ನಾನು ಪ್ರಾಮಾಣಿಕವಾಗಿ ಬರೆದೆ. ಮಧ್ಯಾಹ್ನ ಮಗ್ಗ ನಿಲ್ಲಿಸಿ, ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಗೋಡೆಯ ಗಡಿಯಾರ ಇಳಿಸಿ ಎದುರಿಗಿಟ್ಟುಕೊಂಡು, ಎರಡೂ ಕಿವಿಗೆ ಇಯರ್‌ಫೋನು ಹಾಕಿ ಕೂರುತ್ತಿದ್ದೆ. ತಂಗಿಯ ದನಿ ಪ್ರಶ್ನೆ ಕೇಳುತ್ತಿತ್ತು. ಆಮೇಲೆ ಏನೂ ಇಲ್ಲ. ಸೆಕೆಂಡಿನ ಮುಳ್ಳು ನಡೆಯುತ್ತಿತ್ತು, ನಾನು ಚುಕ್ಕೆ ಇಡುತ್ತಿದ್ದೆ. ಆ ಏನೂ ಇಲ್ಲದ್ದರ ಒಳಗೆ ನಿಧಾನವಾಗಿ ಎಲ್ಲ ಕಾಣತೊಡಗುತ್ತಿತ್ತು. ದೂರದಲ್ಲಿ ಎಮ್ಮೆಯ ಕೊರಳ ಗಂಟೆ. ಹಂಚಿನ ಮೇಲೆ ಮಳೆ. ಬೆಂಚು ಕಿರುಗುಟ್ಟುವುದು. ತಂಗಿ ಉಸಿರು ಬಿಡುವುದು. ಖಾನಾಪುರದ ಆ ಹಳ್ಳಿಗಳನ್ನು ನಾನು ಕಂಡಿರಲಿಲ್ಲ, ಆದರೂ ವಡಗಾವಿಯ ಕತ್ತಲೆ ಕೋಣೆಯಲ್ಲಿ ಕೂತು ಅವುಗಳ ಹಸಿ ಮಣ್ಣಿನಲ್ಲಿ ಓಡಾಡಿ ಬರುತ್ತಿದ್ದೆ. ಮಗು ಬಾಯಿ ಬಿಟ್ಟಾಗ ಎಚ್ಚರವಾದಂತಾಗುತ್ತಿತ್ತು.

ಒಂದು ರೆಕಾರ್ಡ್ ಬರೆದು ಮುಗಿಸಿದ ಕೂಡಲೇ ಅದನ್ನು ಫೋನಿನಿಂದ ಅಳಿಸಬೇಕು. ಮಕ್ಕಳ ದನಿ ಎಲ್ಲೂ ಉಳಿಯುವುದಿಲ್ಲ ಎಂದು ತಂಗಿ ಹೆಡ್‌ಮಾಸ್ತರರಿಗೂ ತಾಯಿತಂದೆಯರಿಗೂ ಮಾತು ಕೊಟ್ಟಿದ್ದಳು. ಅಳಿಸುವ ಗುಂಡಿ ನಾನೇ ಒತ್ತುತ್ತಿದ್ದೆ.

ಆಮೇಲೆ ಲಗ್ನದ ಸೀಸನ್ನು ಬಂತು. ಸೀರೆಯ ಕೆಲಸ ದುಪ್ಪಟ್ಟಾಯಿತು. ಮಧ್ಯಾಹ್ನ ಮಗ್ಗ ನಿಲ್ಲಿಸುವ ಹಾಗಿರಲಿಲ್ಲ. ವಹಿಯನ್ನು ಮಗ್ಗದ ಬಾಜೂ ಹಲಗೆಯ ಮೇಲಿಟ್ಟು, ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಮಗ್ಗಕ್ಕೆ ಕೊಟ್ಟು, ನಿಂತುಕೊಂಡೇ ಬರೆಯತೊಡಗಿದೆ. ದನಿ ಏರಿಸಿದರೆ ಮಾತು ಕೇಳುತ್ತಿತ್ತು. ಮಗು ಸುಮ್ಮನಾದ ಕೂಡಲೇ ಆ ಜಾಗಕ್ಕೆ ಮಗ್ಗದ ಸದ್ದು ನುಗ್ಗುತ್ತಿತ್ತು. ಎಷ್ಟು ಹೊತ್ತು ಸುಮ್ಮನಿತ್ತು ಎಂದು ನೋಡಲು ಗಡಿಯಾರದ ಕಡೆ ತಿರುಗಿದರೆ ಇಲ್ಲಿ ಎಳೆ ಹರಿಯುತ್ತಿತ್ತು. ಮೊದಮೊದಲು ಅಂದಾಜಿನಿಂದ ಇಟ್ಟೆ. ಒಂದು ಕಡೆ ಎರಡು, ಒಂದು ಕಡೆ ಒಂಬತ್ತು. ಪುಟ ನೋಡಿದರೆ ದಡಿ ಕೆಟ್ಟ ಸೀರೆಯಂತೆ ಕಾಣುತ್ತಿತ್ತು. ಸೀರೆಯ ಅಂಚಿನ ದಡಿಯಲ್ಲಿ ಹೂವು ಸಮ ಸಮ ದೂರಕ್ಕೆ ಬರಬೇಕು. ಒಂದು ಹೂವು ಸರಿದರೆ ಸಾವಕಾರ ಸೀರೆ ತಿರುಗಿ ಎಸೆಯುತ್ತಾನೆ. ಇಪ್ಪತ್ತೈದು ವರ್ಷ ನನ್ನ ಕೈ ಕಲಿತದ್ದು ಅದೊಂದೇ. ಯಾವಾಗ ಎಂದು ನನಗೂ ಗೊತ್ತಾಗಲಿಲ್ಲ, ಕೈ ತಾನಾಗಿ ಮೂರು ಮೂರು ಚುಕ್ಕೆ ಇಡತೊಡಗಿತ್ತು. ಪ್ರತಿ ಪ್ರಶ್ನೆಯ ಮುಂದೆ ಮೂರು, ಒಂದೇ ಅಳತೆ, ಒಂದೇ ಗುಂಡಗೆ. ಪುಟ ಚೆಂದ ಕಾಣುತ್ತಿತ್ತು.

ಚುಕ್ಕೆ ಎಂದರೆ ಉಸಿರು ತೆಗೆದುಕೊಳ್ಳುವ ಗುರುತು, ಮಾತು ಮುಖ್ಯ, ಎಂದು ನಾನು ತಿಳಿದಿದ್ದೆ. ತಂಗಿ ನಡುವೆ ತೆರೆದು ನೋಡುತ್ತಿರಲಿಲ್ಲ. "ಎಲ್ಲಾ ಮುಗಿಯೂ ಮಟಾ ನೋಡೂದಿಲ್ಲ," ಎನ್ನುತ್ತಿದ್ದಳು. "ನಡುವ ನೋಡಿದ್ರ ನನಗ ಬೇಕಾದಂಗ ಪ್ರಶ್ನೆ ಕೇಳಾಕ ಸುರು ಮಾಡ್ತೀನಿ." ಒಮ್ಮೆ ಹಾದು ಹೋಗುವಾಗ ದೂರದಿಂದ ನೋಡಿ, "ಏನ್ ಚಂದ ಬರೀತಿ ಅಕ್ಕಾ," ಎಂದಿದ್ದಳು. ನಾನು ಹಿಗ್ಗಿದ್ದೆ.

ಮೂರನೆಯ ದಿನಕ್ಕೂ ಜ್ವರ ಇಳಿಯಲಿಲ್ಲ, ಆಸ್ಪತ್ರೆಗೆ ಸೇರಿಸಿದೆವು. ಡೆಂಗಿ ಜ್ವರ, ರಕ್ತದ ಕಣ ಇಳಿಯುತ್ತಿವೆ ಎಂದರು ಡಾಕ್ಟರು. ಅವಳ ಮಂಚ ಕಿಟಕಿಯ ಹತ್ತಿರವಿತ್ತು. ಅಲ್ಲಿಯ ದಿನಗಳು ಒಂದರೊಳಗೊಂದು ಕರಗಿಹೋಗಿವೆ, ಯಾವುದು ಮೊದಲು ಯಾವುದು ನಂತರ ಎಂದು ಈಗ ಹೇಳಲಾರೆ. ಬಿಳಿ ಪರದೆ ಗಾಳಿಗೆ ಏಳುವುದು, ಬೀಳುವುದು. ಅವಳು ಕಣ್ಣು ಮುಚ್ಚಿದಾಗ ನಾನು ಅವಳ ಎದೆಯ ಏರಿಳಿತ ನೋಡುತ್ತ ಕೂರುತ್ತಿದ್ದೆ.

ಒಂದು ಸಂಜೆ ಪೂರ್ತಿ ಎಚ್ಚರವಿದ್ದಳು. "ವಹಿ ಎಲ್ಲಿಟ್ಟಿ?" ಎಂದು ಕೇಳಿದಳು.

"ಟ್ರಂಕಿನ್ಯಾಗ."

"ಸೋರೂದಿಲ್ಲಲ್ಲ ಆ ಮೂಲ್ಯಾಗ?"

"ಇಲ್ಲ."

"ಎಲ್ಲಾ ಬರದಾಗೇತಿ. ಇನ್ನ ಬರೇ ಎಣಸೂದು. ನೀ ಇಲ್ದಿದ್ರ ಇದು ಆಗತಿರಲಿಲ್ಲ ಅಕ್ಕಾ."

ನನ್ನ ಕೈಯಲ್ಲಿ ಎಳನೀರಿನ ಲೋಟವಿತ್ತು. ಜ್ವರದಲ್ಲಿರುವವಳಿಗೆ ಹೇಳುವುದು ಬೇಡ, ಮನೆಗೆ ಬರಲಿ ಎಂದುಕೊಂಡೆ. ಲೋಟವನ್ನು ಅವಳ ತುಟಿಗೆ ಹಿಡಿದೆ.

ಅವಳು ಮನೆಗೆ ಬಂದದ್ದು ಹಾಗಲ್ಲ.

ನಮ್ಮಲ್ಲಿ ಕೂರಿಸಿ ಮಣ್ಣು ಕೊಡುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ತುಸು ವಾಲಿತ್ತು. ಯಾವುದೋ ಮಗುವಿನ ಉತ್ತರಕ್ಕೆ ಕಾಯುತ್ತಿದ್ದಾಳೆ ಎನ್ನಿಸುತ್ತಿತ್ತು. ಮಂದಿ ಅಳುತ್ತಿದ್ದರು. ಓಣಿಯ ಮಗ್ಗಗಳೆಲ್ಲ ಅವತ್ತು ನಿಂತಿದ್ದವು.

ಆಮೇಲೆ ನಾನು ಎರಡೂ ಮಗ್ಗ ಬಿಡದೆ ನಡೆಸಿದೆ. ಕರೆಂಟು ಹೋದರೆ ಹೆದರಿಕೆಯಾಗುತ್ತಿತ್ತು.

ಎರಡು ತಿಂಗಳ ಮೇಲೆ ತಂಗಿಯ ಗೈಡ್ ಮೇಡಂ ಫೋನು ಮಾಡಿದರು. ಅವರ ಮನೆ ಟಿಳಕವಾಡಿಯಲ್ಲಿ. ಹನ್ನೆರಡೂ ವಹಿಯನ್ನು ಚೀಲದಲ್ಲಿ ತುಂಬಿಕೊಂಡು ಹೋದೆ. ವಯಸ್ಸಾದ ಹೆಂಗಸು, ನಿವೃತ್ತಿಗೆ ಹತ್ತಿರ. ಕೋಣೆಯ ತುಂಬ ಪುಸ್ತಕ. ನನ್ನನ್ನು ಕೂರಿಸಿ ತಾವೇ ಚಹಾ ತಂದರು.

"ಎಲ್ಲಾ ಅಧ್ಯಾಯ ಬರದಿಟ್ಟಾಳ್ರೀ," ಎಂದರು. "ಒಂದ ಉಳದೈತಿ, ಆ ಲೆಕ್ಕದ್ದು. ಉಳದದ್ದೆಲ್ಲಾ ಅದರ ಮ್ಯಾಲೆ ನಿಂತೈತಿ. ನಾ ಕುಂತು ಎಣಸ್ತೀನಿ. ಪದವಿ ಕೊಡ್ತಾರೋ ಇಲ್ಲೋ ನಾ ಹೇಳಾಕ ಆಗೂದಿಲ್ಲ, ಅರ್ಜಿ ಹಾಕೂಣು. ಇಲ್ಲಂದ್ರ ಆಕಿ ಹೆಸರಿನ್ಯಾಗ ಪುಸ್ತಕನರೆ ಬರಲಿ. ಸಾಲಿ ಮಾಸ್ತರ ಮಂದಿ ಓದಲಿ."

ಅವರು ಚೀಲದಿಂದ ಕೈಗೆ ಸಿಕ್ಕ ವಹಿ ತೆಗೆದರು. "ಏನ್ ಅಕ್ಷರಾರೀ ನಿಮ್ದು! ಅಚ್ಚ ಹಾಕಿದಂಗ ಐತಿ."

ಹೇಳಬೇಕೆಂದೇ ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ. "ಎರಡ ದಿವಸ ನನ್ನ ಹಂತೇಕ ಇರಲಿ ರೀ. ಒಂದಿಷ್ಟ ಅಳಿಸಿದಂಗ ಆಗ್ಯಾವು, ಮ್ಯಾಲೆ ತೀಡಿ ಕೊಡ್ತೀನಿ."

"ತಿದ್ದಬ್ಯಾಡ್ರಿ ಮತ್ತ!" ಎಂದು ಅವರು ನಕ್ಕರು.

ತಿದ್ದುವುದೇ ನನ್ನ ಮನಸ್ಸಿನಲ್ಲಿತ್ತು. ಖಾನಾಪುರಕ್ಕೆ ಹೋಗಿ ಆ ಮಕ್ಕಳನ್ನು ನೋಡಿದರೆ, ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆಂದು ತಿಳಿದರೆ, ಮೂರು ಚುಕ್ಕೆಗಳನ್ನು ಅಷ್ಟಕ್ಕೆ ಬೆಳೆಸಬಹುದು ಎಂದುಕೊಂಡೆ. ಹರಿದ ಸೀರೆಗೆ ರಫೂ ಹಾಕಿ ಗೊತ್ತಿದ್ದವಳು ನಾನು.

ಮರುದಿನ ವಹಿಯ ಚೀಲ ಹೊತ್ತು ಬೆಳಗಿನ ಗಾಡಿಗೆ ಹೊರಟೆ. ತಂಗಿ ದಿನಾ ಹೋಗುತ್ತಿದ್ದ ಗಾಡಿ. ಬೆಳಗಾವಿ ದಾಟಿದ ಮೇಲೆ ಗದ್ದೆಗಳ ಮೇಲೆ ಮಂಜು ಕೂತಿತ್ತು, ದೇಸೂರಿನಲ್ಲಿ ಗಾಡಿ ನಿಂತಾಗ ಯಾರೂ ಇಳಿಯಲಿಲ್ಲ, ಯಾರೂ ಹತ್ತಲಿಲ್ಲ. ನನ್ನ ಎದುರಿನ ಇಬ್ಬರು ಹೆಂಗಸರು ಮರಾಠಿಯಲ್ಲಿ ಶುರು ಮಾಡಿದ ಮಾತನ್ನು ಕನ್ನಡದಲ್ಲಿ ಮುಗಿಸುತ್ತಿದ್ದರು, ತಾವು ದಾಟಿದ್ದು ಅವರಿಗೇ ಗೊತ್ತಿರಲಿಲ್ಲ. ಖಾನಾಪುರದಲ್ಲಿ ಇಳಿದು ಬಸ್ಸು ಹಿಡಿದೆ. ಹೊಳೆಯ ಸೇತುವೆ, ಹಂಚಿನ ಭಟ್ಟಿಗಳು, ಆಮೇಲೆ ಎರಡೂ ಕಡೆ ಕಾಡು. ಮೊದಲೇ ನೋಡಿದ ಹಾಗಿತ್ತು. ಬಸ್ಸಿಳಿದು ನಡೆಯುವಾಗ ಎಮ್ಮೆಯ ಗಂಟೆ ಕೇಳಿ ನಿಂತುಬಿಟ್ಟೆ. ಅದು ಯಾವ ಮಗುವಿನ ರೆಕಾರ್ಡಿನಲ್ಲಿತ್ತೆಂದು ನೆನಪಾಗಲಿಲ್ಲ.

ತಂಗಿ ಹೋಗುತ್ತಿದ್ದ ಒಂದು ಶಾಲೆಯ ಹೆಡ್‌ಮಾಸ್ತರರು ನನ್ನನ್ನು ನೋಡಿ ಎದ್ದು ಬಂದರು. "ಬರ್ರಿ, ಕುಂದರ್ರಿ. ಬಾಯಾರ ಅಕ್ಕಾರಲ್ಲ ನೀವು? ಮಾರಿ ಹಂಗ ಐತಿ." ಅಲ್ಲಿ ಟೀಚರಿಗೆ ಬಾಯಾರು ಅನ್ನುತ್ತಾರೆ. ಸುದ್ದಿ ಅವರಿಗೆ ತಿಳಿದಿತ್ತು. ಸ್ವಲ್ಪ ಹೊತ್ತು ಮೇಜಿನ ಮೇಲಿನ ಸೀಮೆಸುಣ್ಣ ಹೊರಳಿಸಿದರು.

ತಂಗಿ ಕೇಳಿದ ಮಕ್ಕಳೆಲ್ಲ ಹೈಸ್ಕೂಲಿಗೆ ಹೋಗಿಯಾಗಿತ್ತು. ಆಗ ಆರನೆಯದರಲ್ಲಿದ್ದವರು ಈಗ ಏಳನೆಯದರಲ್ಲಿದ್ದರು. ಅವಳು ಕೂರುತ್ತಿದ್ದ ಕಿಟಕಿ ಪಕ್ಕದ ಬೆಂಚಿನಲ್ಲಿ ನನ್ನನ್ನು ಕೂರಿಸಿ, ಹೆಡ್‌ಮಾಸ್ತರರು ಒಬ್ಬ ಹುಡುಗಿಗೆ ಇಂಗ್ಲಿಷಿನಲ್ಲಿ ನಿಮ್ಮ ಊರು ಯಾವುದೆಂದು ಕೇಳಿದರು. ಹುಡುಗಿ ನಿಲ್ಲುವ ಮೊದಲೇ ತಾವೇ ಅರ್ಧ ಉತ್ತರ ಹೇಳಿಬಿಟ್ಟರು. ಮಕ್ಕಳು ನಕ್ಕವು.

"ನೋಡ್ರಿ, ನನ್ನ ಕೈಲೆ ತಡಿಯಾಕ ಆಗೂದಿಲ್ಲ," ಎಂದು ಅವರೂ ನಕ್ಕರು. "ಬಾಯಾರು ಹೇಳತಿದ್ರು, ಸರ್, ನಾಲಿಗಿ ಹಲ್ಲಾಗ ಹಿಡಕೊಂಡು ನಿಂದರ್ರಿ ಅಂತ. ಒಂದಿನಾ ಹಿಡಕೊಂಡ್ನಿ. ನಾಲಿಗಿ ಹರೀತು, ಉತ್ತರಾ ಬರಲಿಲ್ಲ."

"ಬಂತಲ್ರಿ ಸರ್, ನೀವು ಹೊರಗ ಹೋದ ಮ್ಯಾಲೆ," ಎಂದಿತು ಹಿಂದಿನಿಂದ ಒಂದು ದನಿ. ಮತ್ತೆ ನಗೆ.

ನಾನು ಮುಂದಿನ ಬೆಂಚಿನ ಹುಡುಗಿಯನ್ನು ಬಾಯಾರು ಹೇಗೆ ಕೇಳುತ್ತಿದ್ದರೆಂದು ವಿಚಾರಿಸಿದೆ. "ನಮ್ಮ ಅಕ್ಕನ ಕ್ಲಾಸಿಗೆ ಕೇಳತಿದ್ರು, ನಾವು ಕಿಡಕ್ಯಾಗಿಂದ ನೋಡತಿದ್ವಿ," ಎಂದಳು. "ಪ್ರಶ್ನೆ ಕೇಳಿದ ಮ್ಯಾಲೆ ಮಾರಿ ನೋಡತಿರಲಿಲ್ಲರಿ. ಹೊರಗ ಗಿಡಾ ನೋಡ್ಕೋತ ಕೂಡತಿದ್ರು. ಮಾರಿ ನೋಡಿದ್ರ ಅಂಜಿಕಿ ಬರ್ತೈತಲ್ರಿ, ಅದಕ್ಕ."

ಇದು ನನಗೆ ಗೊತ್ತಿರಲಿಲ್ಲ. ಮೊದಲನೇ ವಹಿಯ ಅಷ್ಟೂ ಚುಕ್ಕೆಗಳ ಹೊತ್ತು ಅವಳು ಗಿಡ ನೋಡುತ್ತಿದ್ದಳು.

ಎಲ್ಲ ರೆಕಾರ್ಡಿನಲ್ಲೂ ಮೊದಲ ಪ್ರಶ್ನೆ ಒಂದೇ ಇರುತ್ತಿತ್ತು. ಹನ್ನೆರಡು ವಹಿಗಳಲ್ಲಿ ಅದನ್ನು ಎಷ್ಟು ಸಲ ಬರೆದಿದ್ದೆನೋ. ಆ ಹುಡುಗಿಗೆ ಅದನ್ನೇ ಕೇಳಿದೆ. "ವಾಟ್ ಡಿಡ್ ಯು ಸೀ ಆನ್ ದ ವೇ?" ಶಾಲೆಗೆ ಬರುವ ದಾರಿಯಲ್ಲಿ ಏನು ನೋಡಿದೆ? ಕೇಳಿ, ಹೊರಗೆ ನೋಡುತ್ತ ಕೂತೆ.

ಕೈಯಲ್ಲಿ ಗಡಿಯಾರವಿರಲಿಲ್ಲ, ಎಣಿಸಲೂ ಇಲ್ಲ. ಅಂಗಳದಲ್ಲಿ ಒಂದು ನೇರಳೆ ಮರ. ಬೆಳಕು ಎಲೆಗಳ ನಡುವೆ ಇಳಿದು ನೆಲದ ಮೇಲೆ ಅಲುಗಾಡುತ್ತಿತ್ತು. ಹುಡುಗಿ ಒಮ್ಮೆ ಉಸಿರೆಳೆದುಕೊಂಡಳು, ಬಿಟ್ಟಳು. ಬೆರಳಿನಿಂದ ಬೆಂಚಿನ ಮೇಲೆ ಏನೋ ಗೀಚಿದಳು. ಮರಾಠಿಯಲ್ಲಿ ಒಂದು ಮಾತು ತುಟಿಯ ತನಕ ಬಂದು ಹಿಂದೆ ಹೋಯಿತು. ಯಾರೂ ನಗಲಿಲ್ಲ. ಹಂಚಿನ ಮೇಲಿಂದ ಹಿಂದಿನ ದಿನದ ಮಳೆಯ ಹನಿ ಬಿತ್ತು, ಬಹಳ ಹೊತ್ತಿನ ಮೇಲೆ ಇನ್ನೊಂದು. ನಾನು ಹುಟ್ಟಿದ ಮೇಲೆ ಅಷ್ಟು ಹೊತ್ತು ಯಾರ ಮಾತಿಗೂ ಹಾಗೆ ಕಾದಿರಲಿಲ್ಲ. ನನ್ನ ಬಾಜೂ ಬೆಂಚಿನ ಖಾಲಿ ಜಾಗ ಖಾಲಿಯಿಲ್ಲ ಎನ್ನಿಸಿತು, ಆದರೆ ತಿರುಗಿ ನೋಡಲಿಲ್ಲ.

"ಐ ಸಾ... ಎ ಪಿಕಾಕ್," ಎಂದಳು ಹುಡುಗಿ. ಮತ್ತೆ ನಿಂತಳು. ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. "ಇಟ್ ಈಜ್ ನಾಟ್ ಲುಕಿಂಗ್ ಮೀ."

ನವಿಲು ಕಂಡಿತು, ಅದು ನನ್ನನ್ನು ನೋಡುತ್ತಿರಲಿಲ್ಲ. ಈ ಎರಡನೇ ಮಾತಿಗಾಗಿಯೇ ಅವಳು ಅಷ್ಟು ದೂರ ಹೋಗಿ ಬಂದಿದ್ದಳು. ಅವಳ ಬಾಜೂ ಹುಡುಗನಿಗೆ ಕೇಳಿದಾಗ "ಬಸ್" ಎಂದು ಕೂಡಲೇ ಹೇಳಿದ. ಮೂರನೆಯವಳು ಹೇಳಲೇ ಇಲ್ಲ, ಕಣ್ಣು ತುಂಬಿಕೊಂಡು ಕೂತಳು.

ಒಬ್ಬರ ಮೌನ ಇನ್ನೊಬ್ಬರದಂತಿರಲಿಲ್ಲ. ಒಬ್ಬಳದನ್ನು ಅಳೆದು ಇನ್ನೊಬ್ಬಳ ಪುಟದಲ್ಲಿ ಇಡಲು ಬರುವುದಿಲ್ಲ. ಅಷ್ಟೂ ಮಕ್ಕಳು ತಮ್ಮ ತಮ್ಮ ದಾರಿ ನಡೆದು ಬಂದಿದ್ದರು, ನಾನು ಎಲ್ಲರಿಗೂ ಮೂರು ಚುಕ್ಕೆ ಕೊಟ್ಟು ಕೂರಿಸಿದ್ದೆ.

ತಿರುಗಿ ಬರುವಾಗ ಮನೆಗೆ ಹೋಗಲಿಲ್ಲ. ಸ್ಟೇಷನ್ನಿನಿಂದ ನೇರ ಟಿಳಕವಾಡಿಗೆ ನಡೆದೆ. ಮೇಡಂ ಬಾಗಿಲು ತೆಗೆದಾಗ ನಿಂತಲ್ಲೇ ಹೇಳಿದೆ.

"ಆ ಚುಕ್ಕಿ ಖರೇ ಅಲ್ಲರಿ. ಮೊದಲನೇ ವಹ್ಯಾಗಿನವು ಅಷ್ಟ ಖರೇ. ಉಳದ ಹನ್ನೊಂದರಾಗ ನಾ ಮೂರು ಮೂರು ಇಟ್ಟೇನಿ."

ಅವರಿಗೆ ಮೊದಲು ತಿಳಿಯಲಿಲ್ಲ. ಒಳಗೆ ಕೂರಿಸಿ ಮತ್ತೆ ಹೇಳಿಸಿದರು. ಮಗ್ಗ, ಲಗ್ನದ ಸೀಸನ್ನು, ದಡಿಯ ಹೂವು, ಎಲ್ಲ ಹೇಳಿದೆ.

"ರೆಕಾರ್ಡಿಂಗ್?"

"ಅಳಿಸೇನ್ರಿ. ಆಕಿ ಮಾತ ಕೊಟ್ಟಿದ್ಲು."

"ಆಕಿಗೆ ಗೊತ್ತಿತ್ತೇನು?"

"ಇಲ್ಲರಿ. ಹೇಳಬೇಕಂತ ಮಾಡಿದ್ನಿ."

ಮೇಡಂ ಚಷ್ಮಾ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ. "ನೀವು ಹೇಳದಿದ್ರೂ ನನಗ ಎರಡು ದಿನದಾಗ ಗೊತ್ತಾಗತಿತ್ತು," ಎಂದರು. "ಎಲ್ಲಾ ಹುಡುಗ್ರು ಮೂರ ಸೆಕೆಂಡು ಅಂದ್ರ ಯಾರ ನಂಬತಾರ? ಆದ್ರ ನಾ ಏನ್ ತಿಳಕೊತಿದ್ದೆ ಗೊತ್ತೇನ್ರಿ? ಆಕಿನ ಸುಳ್ಳ ಬರಸ್ಯಾಳ ಅಂತ ತಿಳಕೊತಿದ್ದೆ."

ನಾನು ಅತ್ತಿರಬೇಕು. ಹೊರಗೆ ಶಾಲೆ ಬಿಟ್ಟ ಮಕ್ಕಳ ಗದ್ದಲ ಹಾದು ಹೋಯಿತು. ಕೊನೆಗೆ ಮೇಡಂ, "ಮೊದಲನೇ ವಹಿ ನನ್ನ ಹಂತೇಕ ಬಿಡ್ರಿ," ಎಂದರು. "ಉಳದದ್ದು ತಗೊಂಡ ಹೋಗ್ರಿ."

ಆ ಒಂದು ವಹಿಯಿಂದ ಅವರು ಒಂದು ಲೇಖನ ಮಾಡಿದರು. ಹದಿನಾಲ್ಕು ಪುಟ, ಇಂಗ್ಲಿಷಿನಲ್ಲಿ, ಮೇಲೆ ತಂಗಿಯ ಹೆಸರು ಮಾತ್ರ. ನನಗೆ ಒಂದು ಪ್ರತಿ ಕಳಿಸಿದರು. ಓದಲು ಬರುವುದಿಲ್ಲ, ಚುಕ್ಕೆಗಳಿರುವ ಸಾಲು ಕಂಡರೆ ಗುರುತು ಹಿಡಿಯುತ್ತೇನೆ. ಪದವಿ ಸಿಗಲಿಲ್ಲ, ಪುಸ್ತಕವಾಗಲಿಲ್ಲ. ಅಷ್ಟಕ್ಕೆ ಸಾಕಾಗುವಷ್ಟು ಲೆಕ್ಕ ಅದರಲ್ಲಿ ಇಲ್ಲವೆಂದು ಮೇಡಂ ಹೇಳಿದರು.

ಉಳಿದ ಹನ್ನೊಂದು ವಹಿ ಮನೆಯಲ್ಲಿವೆ. ಮಕ್ಕಳು ಆಡಿದ ಮಾತು ಒಂದೂ ಬಿಡದೆ ಅವುಗಳಲ್ಲಿದೆ. ಅವರು ಸುಮ್ಮನಿದ್ದದ್ದು, ಅವಳು ಕಾದದ್ದು, ಇಲ್ಲ.